ಕರು ಬಿಚ್ಚಿದವಳು

ನಮ್ಮ ಅತ್ತಿಗೆ ಮದುವೆಯಾಗಿ ಬಂದಾಗ ಅವರ ಅಂಗೈಯ ಗೆರೆಗಳೆಲ್ಲ ಕಪ್ಪಗಿದ್ದವು. ಮದರಂಗಿಯ ಕೆಂಪಿನ ನಡುವೆಯೂ ಆ ಕಪ್ಪು ಎದ್ದು ಕಾಣುತ್ತಿತ್ತು, ಯಾರೋ ಇದ್ದಿಲಿನ ಮೊನೆಯಿಂದ ಒಂದೊಂದೇ ಗೆರೆಯನ್ನು ತಿದ್ದಿ ಬರೆದ ಹಾಗೆ. ಧಾರೆಯ ಹಾಲು ಬಿದ್ದರೂ ಹೋಗಲಿಲ್ಲ. ಮೊದಲ ದಿನ ಊಟಕ್ಕೆ ಕೂತಾಗ ಅವ್ವ, "ಕೈ ತೊಳ್ಕಂಡು ಬಾರಮ್ಮಿ" ಅಂದಳು. "ತೊಳ್ಕೊಂಡೇ ಬಂದಿದ್ದೀನಿ ಅತ್ತೆ" ಎಂದು ಅತ್ತಿಗೆ ಎರಡೂ ಅಂಗೈ ತೆರೆದು ತೋರಿಸಿದರು. ನಾನು ಪಕ್ಕದಲ್ಲೇ ಕೂತಿದ್ದೆ. ಆ ಕೈಗಳಿಂದ ದೇವರ ಮನೆಯ ವಾಸನೆ ಬಂತು.

ಅವರು ಮೈಸೂರಿನ ಒಂದು ವಠಾರದಲ್ಲಿ ಬೆಳೆದವರು, ನಮಗೆ ದೂರದ ನೆಂಟರು. ತಾಯಿ, ಅಕ್ಕ, ಇವರು ಎಲ್ಲ ಸೇರಿ ಮನೆಯಲ್ಲಿ ಗಂಧದಕಡ್ಡಿ ಹೊಸೆಯುತ್ತಿದ್ದರಂತೆ. ಇದ್ದಿಲ ಪುಡಿಯ ಹಿಟ್ಟನ್ನು ಕಡ್ಡಿಗೆ ಮೆತ್ತಿ ಹಲಗೆಯ ಮೇಲೆ ಅಂಗೈಯಿಂದ ಉಜ್ಜುತ್ತಾ ಹೋಗುವುದು. ಚಿಕ್ಕಂದಿನಿಂದ ಮಾಡಿದ್ದರಿಂದ ಆ ಕಪ್ಪು ಚರ್ಮದೊಳಕ್ಕೇ ಇಳಿದುಬಿಟ್ಟಿತ್ತು. ನಮ್ಮಣ್ಣ ಮದುವೆಗೆ ಮುಂಚೆ ಅವರನ್ನು ನೋಡಲು ಹೋದಾಗ ಅವರು ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಳ್ಳಲೇ ಇಲ್ಲವಂತೆ. ಅದನ್ನು ಕಂಡೇ ಒಪ್ಪಿದೆ ಅಂತ ಅಣ್ಣ ಆಮೇಲೆ ಹೇಳುತ್ತಿದ್ದ.

ಶಾಂತಿಗ್ರಾಮ ಅಂದರೆ ಹೆದ್ದಾರಿ ಪಕ್ಕದ ಊರು, ಹಾಸನಕ್ಕೂ ಚನ್ನರಾಯಪಟ್ಟಣಕ್ಕೂ ಹೋಗುವ ಬಸ್ಸುಗಳೆಲ್ಲ ನಿಲ್ಲುತ್ತವೆ. ಆದರೂ ಅತ್ತಿಗೆಗೆ ಅದು ಕಾಡಿನಷ್ಟೇ ಹೊಸದು. ಕೋಳಿ ಕೂಗಿದರೆ ಎದ್ದು ಕೂರುತ್ತಿದ್ದರು. ಸೌದೆ ಒಲೆಯ ಮುಂದೆ ಕಣ್ಣಲ್ಲಿ ನೀರು ಸುರಿಸುತ್ತಲೇ ನಗುತ್ತಿದ್ದರು. ರೊಟ್ಟಿ ಹರಿದರೆ, ಮುದ್ದೆ ಗಂಟಾದರೆ ಒಂದೇ ಮಾತು: "ಸೊಟ್ಟಗಾಯ್ತಾ? ಆಗ್ಲಿ. ಸೊಟ್ಟ ಕಡ್ಡಿನೂ ಹಚ್ಚಿದ್ರೆ ಘಮ್ ಅನ್ನುತ್ತೆ." ಅವ್ವನಿಗೆ ಈ ಮಾತು ಸೇರುತ್ತಿರಲಿಲ್ಲ. "ಮುದ್ದೆನ ಯಾರು ಅಚ್ತಾರಮ್ಮಿ, ತಿನ್ನೋದಲ್ವ" ಅನ್ನುತ್ತಿದ್ದಳು.

ನನಗಿಂತ ಒಂದೆರಡು ವರ್ಷಕ್ಕೆ ದೊಡ್ಡವರು ಅಷ್ಟೆ. ನನ್ನನ್ನು ಪುಟ್ಟಿ ಅನ್ನುತ್ತಿದ್ದರು. ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ಕೊಟ್ಟಿಗೆ ಸೇರಿದವಳು. ಅವರು ಎಸ್ಸೆಸ್ಸೆಲ್ಸಿ. ಆದರೂ ಒಂದು ದಿನವೂ ಅದನ್ನು ಎತ್ತಿ ಆಡಿದವರಲ್ಲ. ನಾನೇ ಅವರನ್ನು ಆಡಿಕೊಳ್ಳುತ್ತಿದ್ದೆ. ಹಸುವಿಗೆ ಹುಲ್ಲು ಹಾಕಲು ಹೋಗಿ ಬಾಲದ ಕಡೆ ಹಾಕಿ ಬಂದಿದ್ದನ್ನು ಓಣಿಗೆಲ್ಲ ಹೇಳಿ ನಗಿಸಿದ್ದೆ. ಅತ್ತಿಗೆ ತಾವೂ ಕೂತು ನಕ್ಕರು.

ಅವರು ಬಂದ ವರ್ಷ ಸುಗ್ಗಿ ಮುಗಿದ ಮೇಲೆ ನಾವೆಲ್ಲ ದನದ ಪರಿಷೆಗೆ ಹೊರಟೆವು. ತೊಂಬತ್ತರ ದಶಕದ ನಡುವಿನ ಮಾತು. ದಂಡಿಗನಹಳ್ಳಿ ಕಡೆಯ ಬಯಲಿನಲ್ಲಿ ಪರಿಷೆ ಕೂಡುತ್ತಿತ್ತು. ದೇವರು, ಪೂಜೆ ಎಲ್ಲ ಒಂದು ಮೂಲೆಯಲ್ಲಿ ನಡೆಯುತ್ತಿತ್ತು. ಜನ ಬರುತ್ತಿದ್ದದ್ದು ದನಗಳಿಗಾಗಿ. ಬಯಲ ತುಂಬ ಚಪ್ಪರ, ಚಪ್ಪರದ ಕೆಳಗೆ ಜೋಡಿ ಎತ್ತುಗಳು, ಅವುಗಳ ಪಕ್ಕದಲ್ಲೇ ಮನೆಯವರ ಚಾಪೆ, ಒಲೆ. ಒಂದು ವಾರ ಅಲ್ಲೇ ಬಿಡಾರ. ಹೆಂಗಸರಿಗೂ ಅದು ವರ್ಷಕ್ಕೊಂದು ರಜೆ.

ಅತ್ತಿಗೆ ದಸರಾ ಎಕ್ಸಿಬಿಷನ್ನಿಗೆ ಹೊರಟ ಹಾಗೆ ಹೊರಟರು. ಹೂವಿನ ಸೀರೆ, ಹಿಮ್ಮಡಿ ಎತ್ತರದ ಚಪ್ಪಲಿ, ಕೈಯಲ್ಲಿ ವ್ಯಾನಿಟಿ ಬ್ಯಾಗು. ಟೆಂಪೋದಲ್ಲಿ ಹಸು, ಕರು, ಹುಲ್ಲಿನ ಹೊರೆ, ಅವುಗಳ ಮಧ್ಯೆ ಇವರು. ಇಳಿದ ಮೇಲೆ ಮೊದಲು ಕೇಳಿದ್ದು, "ಪುಟ್ಟಿ, ಟಿಕೆಟ್ ಎಲ್ಲಿ ಕೊಡ್ತಾರೆ?" ನಾನು ನಕ್ಕು ಹೊಟ್ಟೆ ಹಿಡಿದುಕೊಂಡೆ. ಅಪ್ಪ ಮಾತ್ರ ಗಂಭೀರವಾಗಿ, "ನೀನು ನಡಿಯವ್ವ, ನಿಂದು ನಾನು ತಗಂಡಿವ್ನಿ" ಅಂದ.

ಒಬ್ಬ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದ. "ಅವರೇನು ಹಲ್ಲಿನ ಡಾಕ್ಟರಾ?" ಅಂದರು ಅತ್ತಿಗೆ. ಇನ್ನೊಂದು ಕಡೆ ಇಬ್ಬರು ಯಜಮಾನರು ಟವೆಲ್ಲಿನ ಕೆಳಗೆ ಕೈ ಕೈ ಹಿಡಿದು ಮಾತಿಲ್ಲದೆ ನಿಂತಿದ್ದರು. ಬೆರಳು ಒತ್ತಿ ಒತ್ತಿ ವ್ಯಾಪಾರ ಕುದುರಿಸುವುದು ಅದು, ಸುತ್ತ ನಿಂತವರಿಗೆ ರೇಟು ಗೊತ್ತಾಗಬಾರದು. ಅತ್ತಿಗೆ ತುಂಬ ಹೊತ್ತು ನೋಡಿ, "ಪಾಪ, ಎಷ್ಟು ವರ್ಷದ ಮೇಲೆ ಸಿಕ್ಕಿದ್ದಾರೋ" ಅಂದರು. ಅಣ್ಣ ನಾಚಿಕೆಯಿಂದ ಮುಂದೆ ಹೊರಟೇಹೋದ. ಹಗ್ಗದ ಅಂಗಡಿ, ಗೆಜ್ಜೆಯ ಅಂಗಡಿ, ಕಡ್ಲೆಪುರಿಯ ರಾಶಿ, ಒಂದನ್ನೂ ಬಿಡದೆ ನಿಂತು ನಿಂತು ನೋಡಿದರು. ಎತ್ತಿನ ಕೊರಳ ಗೆಜ್ಜೆ ತೆಗೆದು ತಮ್ಮ ಕಿವಿಯ ಹತ್ತಿರ ಅಲ್ಲಾಡಿಸಿದರು. ನಾನು ಹುಟ್ಟಿದಾಗಿನಿಂದ ನೋಡಿದ್ದ ಪರಿಷೆ. ಅವರ ಪಕ್ಕದಲ್ಲಿ ನಡೆದಾಗ ನನಗೂ ಅದು ಮೊದಲ ಸಲ ಅನ್ನಿಸಿತು. ಇದನ್ನು ಅವರಿಗೆ ನಾನು ಯಾವತ್ತೂ ಹೇಳಲಿಲ್ಲ.

ಆ ವರ್ಷ ನಮಗೆ ಪರಿಷೆಯಲ್ಲಿ ಎರಡು ಕೆಲಸವಿತ್ತು. ಒಂದು, ಹಾಲು ಕರೆಯುವ ಸ್ಪರ್ಧೆ. ನಮ್ಮ ಸೀಮೆ ಹಸು ಬೆಳ್ಳಿಯನ್ನು ಅಪ್ಪ ಅದಕ್ಕಾಗಿಯೇ ವರ್ಷವಿಡೀ ಮೇಯಿಸಿದ್ದ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಎಲ್ಲರ ಎದುರಿಗೆ ಕರೆಯಬೇಕು, ಎರಡನ್ನೂ ಕೂಡಿಸಿ ನೋಡುತ್ತಾರೆ. ಗೆದ್ದವರಿಗೆ ಒಂದು ಹಿತ್ತಾಳೆ ಕೊಳಗ. ಕೊಳಗಕ್ಕಿಂತ ಹೆಚ್ಚಾಗಿ ಮೈಕಿನಲ್ಲಿ ಊರಿನ ಹೆಸರು ಕೂಗುತ್ತಾರಲ್ಲ, ಅಪ್ಪನಿಗೆ ಅದು ಬೇಕಿತ್ತು.

ಇನ್ನೊಂದು ಕೆಲಸ ನನ್ನದು. ಅರಕಲಗೂಡಿನ ಕಡೆಯವರೊಬ್ಬರು ಮಗನಿಗೆ ಹೆಣ್ಣು ನೋಡುತ್ತಿದ್ದರು. ನಮ್ಮಲ್ಲಿ ಹಿರಿಯರು ಹೆಣ್ಣನ್ನು ಪರಿಷೆಯಲ್ಲೇ ನೋಡಿಬಿಡುವುದಿತ್ತು. ಸೀರೆ ಉಡಿಸಿ ಕಾಫಿ ಲೋಟ ಹಿಡಿಸಿ ಕೂರಿಸುವ ಹಾಗಿಲ್ಲ. ಅವರ ಪಾಡಿಗೆ ಅವರು ಬಂದು ಚಪ್ಪರದ ಹತ್ತಿರ ಕೂತು ಹೋಗುತ್ತಾರೆ. ಹುಡುಗಿ ಸಗಣಿ ಬಾಚುವುದು, ನೀರು ಹೊರುವುದು, ದನಗಳ ಹತ್ತಿರ ಹೇಗಿರುತ್ತಾಳೆ ಎಲ್ಲ ಕಾಣುತ್ತದೆ. "ಮನೇಲಿ ನೋಡುದ್ರೆ ಸೀರೆ ಕಾಣ್ತದೆ, ಪರಿಷೇಲಿ ನೋಡುದ್ರೆ ಹೆಣ್ಣು ಕಾಣ್ತದೆ" ಅಂತ ಅಪ್ಪ ಹೇಳುತ್ತಿದ್ದ. ನನಗೆ ಮೊದಲೇ ಎರಡು ಕಡೆ ತಪ್ಪಿಹೋಗಿತ್ತು. ಇದೂ ತಪ್ಪಿದರೆ ಏನು ಅಂತ ಅವ್ವ ನಿದ್ದೆ ಬಿಟ್ಟಿದ್ದಳು.

ಸ್ಪರ್ಧೆಯ ಬೆಳಿಗ್ಗೆ ಬೆಳ್ಳಿ ನೊರೆ ಉಕ್ಕುವಂತೆ ಹಾಲು ಕೊಟ್ಟಿತು. ಹೊಳೆನರಸೀಪುರದ ಕಡೆಯವರ ಹಸು ಒಂದಿತ್ತು, ಅದೂ ನಮ್ಮದಕ್ಕಿಂತ ಹಿಂದೆ ಬಿತ್ತು. ಸಂಜೆ ಹೀಗೇ ಕೊಟ್ಟರೆ ಕೊಳಗ ನಮ್ಮದೇ. ಸಂಜೆಯವರೆಗೆ ಕರು ತಾಯಿಯ ಹತ್ತಿರ ಸುಳಿಯಬಾರದು, ಅಷ್ಟೇ. ಅಪ್ಪ ತಾನೇ ಕರುವನ್ನು ಚಪ್ಪರದ ಹಿಂದೆ ಗೂಟಕ್ಕೆ ಕಟ್ಟಿದ. ಅಪ್ಪನ ಗಂಟು ಅಂತಲೇ ನಾವು ಹೇಳುತ್ತಿದ್ದ ಗಂಟು ಅದು. ಹಗ್ಗವನ್ನು ಎರಡು ಸುತ್ತು ಸುತ್ತಿ, ತುದಿಯನ್ನು ಒಳಗಿನಿಂದ ತೂರಿಸಿ ಎಳೆಯುವುದು. ಕರು ಜಗ್ಗಿದಷ್ಟೂ ಅದು ಬಿಗಿಯಾಗುತ್ತದೆ. "ಇಲ್ಲೇ ಕುಂತಿರು, ಅಲ್ಲಾಡ್ಬ್ಯಾಡ" ಅಂತ ನನಗೆ ಹೇಳಿ, ಮನೆಯಲ್ಲಿ ಒಂಟಿಯಾಗಿ ಉಳಿದಿದ್ದ ಎತ್ತಿಗೆ ಜೊತೆ ಹುಡುಕಲು ಅಣ್ಣನ ಜೊತೆ ಹೋದ. ಅತ್ತಿಗೆಯೂ ಅವರ ಹಿಂದೆ ಹೋದರು. ಅವ್ವ ಅರಕಲಗೂಡಿನವರ ಚಪ್ಪರಕ್ಕೆ, ಅವರನ್ನು ಮಾತಾಡಿಸಿ ಕರೆದುಕೊಂಡು ಬರಲು ಹೋದಳು.

ಮಧ್ಯಾಹ್ನದ ಹೊತ್ತಿಗೆ ಗೂಟದ ಹತ್ತಿರ ಬಿಸಿಲು ಬಂತು. ಕರು ನಾಲಿಗೆ ಚಾಚಿತು. ನಾನು ಅದನ್ನು ಬಿಚ್ಚಿ ಪಕ್ಕದ ಗಾಡಿಯ ನೆರಳಿಗೆ ತಂದು ಚಕ್ರಕ್ಕೆ ಕಟ್ಟುತ್ತಿದ್ದೆ. ಆಗಲೇ ನಮ್ಮೂರಿನ ಗೆಳತಿ ಓಡಿ ಬಂದಳು. "ತಿರುಗೋ ತೊಟ್ಲು ಶುರು ಮಾಡವ್ರೆ, ಬತ್ತೀಯೇನೆ? ಆಮ್ಯಾಕೆ ಜನ ಜಾಸ್ತಿ ಆಯ್ತದೆ." ನನ್ನ ಕೈ ಹಗ್ಗದ ಮೇಲಿತ್ತು, ಮನಸ್ಸು ಆಗಲೇ ತೊಟ್ಟಿಲಲ್ಲಿತ್ತು. ಅಪ್ಪನ ಗಂಟು ಹಾಕಲು ಎಷ್ಟು ಹೊತ್ತು ಬೇಕು? ಅಷ್ಟನ್ನೂ ನಾನು ಮಾಡಲಿಲ್ಲ. ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಸುಲಭದ ಗಂಟು ಹಾಕಿ ಎದ್ದೆ. ಒಂದು ಸುತ್ತು ಕೂತು ಬಂದುಬಿಡುತ್ತೇನೆ ಅಂದುಕೊಂಡೆ. ಇನ್ನೊಂದು ಸುತ್ತು ಕೂತೆ.

ವಾಪಸ್ಸು ಬಂದಾಗ ಅತ್ತಿಗೆ ಒಬ್ಬರೇ ಚಪ್ಪರದ ಕೆಳಗೆ ನಿಂತಿದ್ದರು. ಚಪ್ಪಲಿಯ ಹಿಮ್ಮಡಿ ಕಿತ್ತುಹೋಗಿ ಅದನ್ನು ಕೈಯಲ್ಲಿ ಹಿಡಿದು ಮೊದಲೇ ಬಂದುಬಿಟ್ಟಿದ್ದರು. ಅವರ ಮುಖದಲ್ಲಿ ಎಂಥ ಸಂತೋಷ ಅಂತೀರಿ. ಕರು ಬೆಳ್ಳಿಯ ಕೆಚ್ಚಲಿಗೆ ಬಾಯಿ ಹಾಕಿತ್ತು. ಬಾಯ ಸುತ್ತ ನೊರೆ. ಬೆಳ್ಳಿ ಕಣ್ಣು ಅರೆ ಮುಚ್ಚಿ ಅದರ ಬೆನ್ನು ನೆಕ್ಕುತ್ತಿತ್ತು.

"ನೋಡು ಪುಟ್ಟಿ, ಎಷ್ಟು ಚೆನ್ನಾಗಿ ಕುಡೀತಿದೆ" ಅಂದರು ಅತ್ತಿಗೆ.

ನಾನು ಓಡಿ ಕರುವಿನ ಕೊರಳು ತಬ್ಬಿ ಎಳೆದೆ. ಅದು ಬಿಡಲಿಲ್ಲ. ದರದರ ಎಳೆದುಕೊಂಡು ಹೋಗಿ ಗೂಟಕ್ಕೆ ಬಿಗಿದೆ. ಕೆಚ್ಚಲು ಮುಟ್ಟಿ ನೋಡಿದರೆ ಹಿಂಡಿದ ಬಟ್ಟೆಯ ಹಾಗಿತ್ತು. "ಅತ್ಗೆಮ್ಮ, ಓಯ್ತು, ಎಲ್ಲಾ ಓಯ್ತು. ನಾನು ಗಂಟು ಸರ್ಯಾಗಿ ಹಾಕ್ದೆ ತೊಟ್ಲು ಅಂತ ಓಗ್ಬುಟ್ಟೆ. ಸಂಜೆ ಕರೆಯೋಕೆ ಹಾಲಿಲ್ಲ. ಅವ್ರು ಬೇರೆ ಬತ್ತಾವ್ರೆ" ಅಂತ ಅಳುತ್ತಾ ಹೇಳಿದೆ. ಅತ್ತಿಗೆ ಒಮ್ಮೆ ಕರುವನ್ನು, ಒಮ್ಮೆ ನನ್ನ ಗಂಟು ಬಿಚ್ಚಿಕೊಂಡಿದ್ದ ಗಾಡಿ ಚಕ್ರವನ್ನು ನೋಡಿದರು. ಸೆರಗಿನಿಂದ ನನ್ನ ಮುಖ ಒರೆಸಿದರು.

ಅಷ್ಟರಲ್ಲಿ ಅವ್ವ ಬಂದೇಬಿಟ್ಟಳು. ಹಿಂದೆಯೇ ಅರಕಲಗೂಡಿನ ಹಿರಿಯರು, ಅವರ ಹೆಂಡತಿ. ಅಪ್ಪ, ಅಣ್ಣನೂ ಸೇರಿಕೊಂಡರು. ಕರುವಿನ ಬಾಯಿಯ ನೊರೆ ನೋಡಿದ ಕೂಡಲೇ ಅವ್ವನಿಗೆ ಎಲ್ಲ ಅರ್ಥವಾಯಿತು.

"ಯಾರು ಬಿಚ್ಚುದ್ದು?" ಅಂದಳು.

ನಾನು ನೆಲ ನೋಡಿದೆ. ಬಾಯಿ ತೆರೆದರೆ ಎಲ್ಲ ಅಲ್ಲಿಗೇ ಮುಗಿಯುತ್ತದೆ ಅಂತ ಗೊತ್ತಿತ್ತು. ಕರು ಕಾಯುವುದು ಬಿಟ್ಟು ತೊಟ್ಟಿಲಿಗೆ ಹೋದವಳನ್ನು ಯಾರು ಮನೆ ತುಂಬಿಸಿಕೊಳ್ಳುತ್ತಾರೆ?

"ನಾನೇ ಅತ್ತೆ" ಅಂದರು ಅತ್ತಿಗೆ. "ಪಾಪ, ಅರಚ್ತಾ ಇತ್ತು. ಹಸಿವಾಗಿದೆ ಅಂತ ಬಿಚ್ಚಿಬಿಟ್ಟೆ."

ಒಬ್ಬರೂ ಅನುಮಾನ ಪಡಲಿಲ್ಲ. ಪೇಟೆಯ ಹೆಂಗಸು, ಕೈಯಲ್ಲಿ ಹಿಮ್ಮಡಿ ಕಿತ್ತ ಚಪ್ಪಲಿ, ಇದನ್ನು ಅವರಲ್ಲದೆ ಇನ್ಯಾರು ಮಾಡುತ್ತಾರೆ? ಮೊದಲು ನಕ್ಕವರು ಅರಕಲಗೂಡಿನ ಹಿರಿಯರು. "ಬುಡಿ ಯಜಮಾನ್ರೆ, ಕೊಳಗ ಕರೂಗೆ ಓಯ್ತು ಅನ್ಕಳಿ" ಅಂದರು. ಅಪ್ಪ, "ಓಗ್ಲಿ ಬುಡವ್ವ, ನಿಂಗೊತ್ತಿರ್ನಿಲ್ಲ" ಅಂದ. ಅವ್ವ ನಗಲಿಲ್ಲ. ಅಣ್ಣ ಹೆಂಡತಿಯ ಮುಖ ನೋಡದೆ ಹಗ್ಗ ಸುತ್ತುತ್ತಾ ನಿಂತ.

ಸಂಜೆ ಬೆಳ್ಳಿ ಚೊಂಬಿನ ತಳ ಮುಚ್ಚುವಷ್ಟು ಕೊಟ್ಟಿತು. ಮೈಕಿನಲ್ಲಿ ಬೇರೆ ಊರಿನ ಹೆಸರು ಕೂಗಿದರು. ಮರುದಿನ ಅರಕಲಗೂಡಿನವರು ಒಪ್ಪಿಗೆ ಕಳಿಸಿದರು. ನನ್ನ ಮಾವ ಆಮೇಲೆ ಬದುಕಿರುವವರೆಗೂ ಬಂದವರಿಗೆಲ್ಲ ಹೇಳುತ್ತಿದ್ದರು: "ನಾನು ದೂರದಿಂದ್ಲೇ ನೋಡ್ತಾ ಬತ್ತಿದ್ದೆ. ಅತ್ಗೆ ನಿಂತ್ಕಂಡು ನೋಡ್ತಾವ್ಳೆ, ಈ ಹುಡ್ಗಿ ಓಡೋಗಿ ಕರೂನ ದರದರ ಎಳ್ದು ಕಟ್ಬುಡ್ತು. ಆಗ್ಲೇ ಅನ್ಕಂಡೆ, ಇದೇ ನಮ್ಮನೆ ಸೊಸೆ." ಈ ಮಾತು ಕೇಳಿದಾಗಲೆಲ್ಲ ನಾನು ಒಳಗೆ ಹೋಗಿ ಏನಾದರೂ ಕೆಲಸ ಹಚ್ಚಿಕೊಳ್ಳುತ್ತಿದ್ದೆ.

ಪರಿಷೆಯಿಂದ ಊರಿಗೆ ಬಂದ ಮೇಲೆ ಅತ್ತಿಗೆಗೆ ಹೊಸ ಹೆಸರು ಬಂತು. ಕರು ಬಿಚ್ಚಿದೋಳು. ನೀರಿನ ಹತ್ತಿರ, ಹಿಟ್ಟಿನ ಗಿರಣಿಯ ಹತ್ತಿರ ಜನ ನಗುತ್ತಾ ಕರೆಯುತ್ತಿದ್ದರು. ಅವರು ನಗುತ್ತಲೇ ತಿರುಗಿ ನೋಡುತ್ತಿದ್ದರು. ಆದರೆ ಅವ್ವ ಅವರನ್ನು ಕೊಟ್ಟಿಗೆಯ ಹೊಸಿಲು ದಾಟಿಸಲಿಲ್ಲ. ನಮ್ಮಂಥ ಮನೆಯಲ್ಲಿ ಹಾಲು ಕರೆಯುವ ಹೆಂಗಸಿಗೇ ಮನೆ. ತಪ್ಪಲೆ ಯಾರ ಕೈಯಲ್ಲಿದೆಯೋ ಮಾತೂ ಅವರದ್ದೇ. ಅತ್ತಿಗೆ ಒಲೆ ಉರಿಸಿದರು, ಬಟ್ಟೆ ಒಗೆದರು, ಹೊಲಕ್ಕೆ ಬುತ್ತಿ ಹೊತ್ತರು. ಕೊಟ್ಟಿಗೆಯ ಬಾಗಿಲಿಗೆ ಬಂದರೆ ಅವ್ವ, "ಅಲ್ಲೇ ನಿಲ್ಲಮ್ಮಿ, ನಿಂದು ಇಲ್ಲೇನೂ ಇಲ್ಲ" ಅನ್ನುತ್ತಿದ್ದಳು. ಅವರು ಅಲ್ಲೇ ನಿಲ್ಲುತ್ತಿದ್ದರು. ಬೆಳ್ಳಿಯ ಕರು ಮಾತ್ರ ಅವರ ಕಡೆ ಮೂತಿ ಚಾಚಿ ಅಂಗೈ ನೆಕ್ಕುತ್ತಿತ್ತು.

ನನ್ನ ಮದುವೆಗೆ ಕೆಲವು ದಿನ ಮುಂಚೆ ಅತ್ತಿಗೆ ಹಿತ್ತಿಲಲ್ಲಿ ನನ್ನನ್ನು ಹಿಡಿದರು. ಕೈಯಲ್ಲಿ ಒಂದು ತುಂಡು ಹಗ್ಗವಿತ್ತು.

"ಪುಟ್ಟಿ, ನನಗೆ ಗಂಟು ಹಾಕೋದು ಹೇಳಿಕೊಡು."

ನಾನು ಹಗ್ಗ ತೆಗೆದುಕೊಂಡೆ.

"ನಿನ್ನ ಗಂಟು ಬೇಡ ಕಣೆ, ಮಾವನ ಗಂಟು" ಅಂದರು. ಅಷ್ಟು ಹೇಳಿ ನಕ್ಕರು. ಆ ಮಾತನ್ನು ಎತ್ತಿದ್ದು ಅದೊಂದೇ ಸಲ.

ಸೀಬೆ ಮರಕ್ಕೆ ಕಟ್ಟಿ ಬಿಚ್ಚಿ ಅವತ್ತೇ ಕಲಿತುಬಿಟ್ಟರು. ಕಡ್ಡಿ ಹೊಸೆದ ಬೆರಳು, ಒಂದು ಸಲ ಕಂಡರೆ ಸಾಕಿತ್ತು. ಕಟ್ಟಲು ಕರು ಮಾತ್ರ ಅವರಿಗೆ ಸಿಗಲಿಲ್ಲ.

ಇಲ್ಲಿಯವರೆಗೆ ಬರೆದದ್ದು ನನ್ನ ಒಂದು ತಪ್ಪು. ಹುಡುಗಿ ಹೆದರಿದಳು ಅಂತ ಯಾರಾದರೂ ಕ್ಷಮಿಸಬಹುದು. ಇನ್ನೊಂದಿದೆ. ಅದನ್ನು ನಾನೇ ಕ್ಷಮಿಸಿಕೊಂಡಿಲ್ಲ.

ನನ್ನ ಮೊದಲ ಬಾಣಂತನಕ್ಕೆ ತವರಿಗೆ ಬಂದಿದ್ದಾಗ ಬೆಳ್ಳಿಗೆ ಕೆಚ್ಚಲು ಬಾವು ಬಂತು. ಹಾಸನದಿಂದ ಡಾಕ್ಟರು ಬಂದು ನೋಡಿದರೂ ಉಳಿಯಲಿಲ್ಲ. ಹಸುವನ್ನು ತೋಟದಲ್ಲಿ ಮಣ್ಣು ಮಾಡಿ ಬಂದ ಮೇಲೆ ಅವ್ವ ಜಗಲಿಯ ಮೇಲೆ ಕೂತು ಎಲ್ಲರ ಎದುರಿಗೆ ಅಂದಳು: "ಅವತ್ತು ಪರಿಷೇಲಿ ಕರು ಬಿಚ್ದಾಗ್ಲೇ ನಮ್ಮನೆ ಹಾಲು ಹೋಯ್ತು. ಇವ್ಳ ಕಾಲ್ಗುಣ." ಅತ್ತಿಗೆ ಬಾಗಿಲ ಹತ್ತಿರ ನನ್ನ ಮಗುವನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಿದ್ದರು. ತಟ್ಟುವ ಕೈ ನಿಂತಿತು. ಮತ್ತೆ ತಟ್ಟಿತು. ಅವರು ನನ್ನ ಕಡೆ ನೋಡಲಿಲ್ಲ. ನೋಡಿದರೆ ನಾನು ಹೇಳಿಬಿಡಬೇಕಾಗುತ್ತದೆ ಅಂತಲೇ ನೋಡಲಿಲ್ಲ ಅನ್ನಿಸುತ್ತದೆ. ಆಗ ನನ್ನ ಮದುವೆಯಾಗಿತ್ತು, ಕೈಗೆ ಮಗು ಬಂದಿತ್ತು, ಹೇಳಿದ್ದರೆ ನನಗೆ ಆಗುವುದೇನೂ ಇರಲಿಲ್ಲ. ಮಾವನ ಎದುರಿಗೆ ತಲೆ ತಗ್ಗುತ್ತದೆ, ಅಷ್ಟೇ. ಅಷ್ಟಕ್ಕೆ ನಾನು ಸುಮ್ಮನಿದ್ದೆ. ಅತ್ತಿಗೆ ಅವತ್ತು ಸಂಜೆ ನನಗೆ ಎಂದಿನಂತೆಯೇ ಬಿಸಿನೀರು ಕಾಯಿಸಿ ಎರೆದರು. ಬೆನ್ನು ಉಜ್ಜುವಾಗ ಕೈ ಒಂದಿಷ್ಟೂ ಒರಟಾಗಲಿಲ್ಲ.

ಅತ್ತಿಗೆ ಕೊಟ್ಟಿಗೆಯೊಳಗೆ ಹೋದದ್ದು ಅವ್ವ ಬಿದ್ದು ಕೈ ಮುರಿದುಕೊಂಡ ಮೇಲೆ. ಆ ಹೊತ್ತಿಗೆ ಅಪ್ಪ ಇರಲಿಲ್ಲ. ಬೆಳ್ಳಿಯ ಆ ಕರುವೇ ಬೆಳೆದು ಹಸುವಾಗಿ ಈದಿತ್ತು. ಚಿಕ್ಕಂದಿನಲ್ಲಿ ಅಂಗೈ ನೆಕ್ಕಿದ್ದರೂ ಈಗ ಅವ್ವನ ಕೈ ಬಿಟ್ಟು ಬೇರೆಯವರನ್ನು ಕೆಚ್ಚಲಿಗೆ ಸೇರಿಸುತ್ತಿರಲಿಲ್ಲ. ಅಣ್ಣ ಹೋದರೆ ಒದೆಯಿತು. ಪಕ್ಕದ ಮನೆಯವಳು ಬಂದರೆ ಹಾಲು ಬಿಗಿಹಿಡಿಯಿತು. ಮರುದಿನ ಬೆಳಿಗ್ಗೆ ಅತ್ತಿಗೆ ಬಟ್ಟೆ ಹಾಕುವ ಗಳುವಿನ ಮೇಲಿದ್ದ ಅವ್ವನ ಹಳೆಯ ಸೀರೆಯನ್ನು ಉಟ್ಟು, ಅವ್ವನ ಹಾಗೆಯೇ ತಲೆಗೆ ಸೆರಗು ಬಿಗಿದು ಒಳಗೆ ಹೋದರು. ಹಸು ಮೂಸಿ ನೋಡಿತು. ಆಮೇಲೆ ಸೊರೆ ಬಿಟ್ಟಿತು. ಚೊಂಬಿಗೆ ಹಾಲು ಬೀಳುವ ಸದ್ದು ಕೇಳಿ ಅವ್ವ ಕಟ್ಟು ಹಾಕಿದ ಕೈ ಹಿಡಿದುಕೊಂಡು ಬಾಗಿಲಿಗೆ ಬಂದಳಂತೆ.

"ಯಾರ್ನ ಕೇಳಿ ನನ್ ಸೀರೆ ಉಟ್ಕಂಡೆ?"

"ಹಸುನ ಕೇಳ್ದೆ ಅತ್ತೆ."

"ಇದ್ನ ಯಾರು ಹೇಳ್ಕೊಟ್ರು?"

"ನಮ್ಮ ವಠಾರದಲ್ಲಿ ಅಮ್ಮ ಕೆಲಸಕ್ಕೆ ಹೋದ್ರೆ ಅಳೋ ಮಗೂಗೆ ಅಮ್ಮನ ಸೀರೆ ಹೊದಿಸ್ತಿದ್ವಿ. ಸುಮ್ಮನಾಗ್ತಿತ್ತು."

ಅವ್ವ ಒಳಗೆ ಹೋದಳು. ಕೈ ಸರಿಹೋದ ಮೇಲೂ ತಪ್ಪಲೆಯನ್ನು ವಾಪಸ್ಸು ಕೇಳಲಿಲ್ಲ. ನಿಧಾನಕ್ಕೆ ಹಸು ಅತ್ತಿಗೆಯ ಸೀರೆಗೇ ಒಗ್ಗಿತು. ಅತ್ತಿಗೆಯ ಅಂಗೈಯ ಕಪ್ಪೂ ಆ ವರ್ಷಗಳಲ್ಲೇ ಎಲ್ಲೋ ಮಾಯವಾಯಿತು. ಯಾವಾಗ ಅಂತ ನಾನು ನೋಡಲಿಲ್ಲ.

ಎರಡು ಸಾವಿರ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ನಾವೆಲ್ಲ ಮತ್ತೆ ಅದೇ ಪರಿಷೆಯಲ್ಲಿ ಸೇರಿದ್ದೆವು. ಎತ್ತುಗಳು ಕಡಿಮೆಯಾಗಿ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. ಹಾಲು ಕರೆಯುವ ಸ್ಪರ್ಧೆ ಮಾತ್ರ ಇತ್ತು. ಅತ್ತಿಗೆ ತಾವೇ ಕೂತು ಕರೆದರು. ಮೂರನೇ ಬಹುಮಾನ ಬಂತು, ಒಂದು ಸ್ಟೀಲ್ ಬಕೆಟ್ಟು. ಮೈಕಿನಲ್ಲಿ ಶಾಂತಿಗ್ರಾಮ ಅಂತ ಕೂಗಿದಾಗ ನಮ್ಮೂರಿನವನೊಬ್ಬ, "ಕರು ಬಿಚ್ಚುದ್ರೂ ಮೂರ್ನೇದು ಬಂತಲ್ಲ ಅಕ್ಕ" ಅಂದ. ಎಲ್ಲರೂ ನಕ್ಕರು. ಅತ್ತಿಗೆಯೂ ನಕ್ಕರು. ನನಗೆ ತಡೆಯಲಾಗಲಿಲ್ಲ. ನನ್ನ ಮಾವ ಆಗ ತೀರಿಕೊಂಡಿದ್ದರು. ಆದ್ದರಿಂದಲೇ ಧೈರ್ಯ ಬಂತು ಅನ್ನುವುದನ್ನೂ ಇಲ್ಲಿ ಬರೆಯಬೇಕು.

"ಅವತ್ತು ಕರು ಬಿಚ್ಕಂಡಿದ್ದು ನನ್ನಿಂದ ಕಣವ್ವ" ಅಂದೆ. "ನಾನು ತೊಟ್ಲಿಗೆ ಓಗಿದ್ದೆ. ಗಂಟು ಸರ್ಯಾಗಿ ಹಾಕಿರ್ನಿಲ್ಲ. ಅತ್ಗೆಮ್ಮ ನನ್ ತಪ್ಪು ಒತ್ಕಂಡ್ರು."

ಅವ್ವ ಕುರ್ಚಿಯಲ್ಲಿ ಕೂತು ಎಲೆ ಅಡಿಕೆ ಅಗಿಯುತ್ತಿದ್ದಳು. ನನ್ನನ್ನೇ ನೋಡಿದಳು. ನನ್ನ ಗಂಡ ಜೋರಾಗಿ ನಕ್ಕರು. "ನಮ್ಮಪ್ಪ ಕಣ್ಣಾರೆ ಕಂಡಿದ್ದು ಸುಳ್ಳಾ? ಅತ್ಗೆ ಮೇಲೆ ಅಕ್ಕರೆ ಜಾಸ್ತಿ ಆಗಿ ಏನೇನೋ ಹೇಳ್ತಾಳೆ." ಅಣ್ಣನೂ ನಂಬಲಿಲ್ಲ. ಅತ್ತಿಗೆ ಬಕೆಟ್ಟಿನೊಳಗೆ ಹಗ್ಗ ಸುತ್ತಿ ಇಡುತ್ತಾ, "ಇವಳಿಗೇನು ಗೊತ್ತು, ಬಿಚ್ಚಿದ್ದು ನಾನೇ" ಅಂದುಬಿಟ್ಟರು. ಅಲ್ಲಿಗೆ ಮುಗಿಯಿತು.

ಆಮೇಲೆ ನೀರು ತರಲು ಹೋಗುವಾಗ ಅವರ ಜೊತೆ ಜಗಳವಾಡಿದೆ. ಯಾಕೆ ಹಾಗಂದಿರಿ, ಇಷ್ಟು ವರ್ಷಕ್ಕೆ ಬಾಯಿ ಬಿಟ್ಟೆನಲ್ಲ ಅಂದೆ.

"ಇಷ್ಟು ವರ್ಷ ಹೊತ್ತಿದ್ದೀನಿ, ನನ್ನ ಮೈಗೆ ಹೊಂದಿಬಿಟ್ಟಿದೆ ಪುಟ್ಟಿ. ಈಗ ನಿನಗೆ ಬಿಚ್ಚಿಕೊಟ್ರೆ ಸಡಿಲ ಆಗುತ್ತೆ" ಅಂದರು. ಸ್ವಲ್ಪ ದೂರ ನಡೆದ ಮೇಲೆ, "ಅದೂ ಅಲ್ದೆ ನಾನು ನಿಂತು ನೋಡಿದ್ದು ನಿಜ ತಾನೆ. ಅಷ್ಟು ಚೆನ್ನಾಗಿತ್ತು. ಗೊತ್ತಿದ್ರೂ ಬಿಡಿಸ್ತಿದ್ದೆನೋ ಇಲ್ವೋ" ಅಂದರು.

ಅತ್ತಿಗೆ ಹೋದದ್ದು ಅದಾದ ನಾಲ್ಕಾರು ವರ್ಷಕ್ಕೆ. ಕಾಯಿಲೆ ಅಂತ ಮಲಗಲಿಲ್ಲ. ಹಿಂದಿನ ಸಂಜೆ ಹಾಲು ಕರೆದು, ಕಾಸಿ, ಮಲಗಿದವರು ಬೆಳಿಗ್ಗೆ ಏಳಲಿಲ್ಲ. ನಾನು ಅರಕಲಗೂಡಿನಲ್ಲಿ ಬಸ್ಸು ಬದಲಾಯಿಸಿ, ಹಾಸನದಲ್ಲಿ ಇನ್ನೊಂದು ಹತ್ತಿ ಊರು ಸೇರುವ ಹೊತ್ತಿಗೆ ಅಂಗಳದ ತುಂಬ ಜನ. ಅವರ ಕೈ ಹಿಡಿದುಕೊಂಡು ಕೂತೆ. ಅಂಗೈ ಬೆಳ್ಳಗಿತ್ತು, ಗೆರೆಗಳಲ್ಲಿ ಸಣ್ಣ ಸಣ್ಣ ಬಿರುಕು. ಮೂಗಿನ ಹತ್ತಿರ ತಂದುಕೊಂಡೆ. ಕೊಟ್ಟಿಗೆಯ ವಾಸನೆ ಬಂತು, ನನ್ನ ಕೈಯ ವಾಸನೆಯೇ. ತಲೆಯ ಹತ್ತಿರ ಯಾರೋ ಗಂಧದಕಡ್ಡಿ ಹಚ್ಚಿಟ್ಟಿದ್ದರು.

ಮಣ್ಣು ಮಾಡಿ ಬಂದ ಮೇಲೂ ಹಸು ಅರಚುತ್ತಲೇ ಇತ್ತು. ಬೆಳಗಿನಿಂದ ಕರೆದಿರಲಿಲ್ಲ. ಕೆಚ್ಚಲು ಬಿಗಿದು ಕಲ್ಲಾಗಿತ್ತು. ಅಣ್ಣ ಹತ್ತಿರ ಹೋದರೆ ಕಾಲೆತ್ತಿತು. ಅವ್ವ ಕೋಲೂರಿಕೊಂಡು ಒಳಗೆ ಹೋದಳು. ಅತ್ತಿಗೆ ಕೊಟ್ಟಿಗೆಗೆ ಉಡುತ್ತಿದ್ದ ನೀಲಿ ಸೀರೆಯನ್ನು ತಂದು ನನ್ನ ಕೈಗೆ ಕೊಟ್ಟಳು.

"ಉಟ್ಕೊ."

"ಸತ್ತೋರ ಸೀರೆ ಇವತ್ತೇ ಉಡ್ತಾರಾ" ಅಂತ ಯಾರೋ ಅಂದರು.

"ಹಸೂಗೆ ಯಾರು ಸತ್ತವ್ರೆ ಅಂತ ಗೊತ್ತಾ? ನೀ ಉಟ್ಕಳೆ" ಅಂದಳು ಅವ್ವ.

ಉಟ್ಟುಕೊಂಡೆ. ಒಗೆದು ಒಗೆದು ಮೆತ್ತಗಾದ ಸೀರೆ, ಕುಪ್ಪಸದ ಮೇಲೆ ಸೆರಗು ನಿಲ್ಲದೆ ಜಾರುತ್ತಿತ್ತು. ಸಡಿಲ ಆಗುತ್ತೆ ಅಂದಿದ್ದರಲ್ಲ. ಕೂತೆ. ಹಸು ಸೆರಗನ್ನು ಮೂಸಿತು, ತುಂಬ ಹೊತ್ತು ಮೂಸಿತು. ಆಮೇಲೆ ಬೆರಳ ನಡುವೆ ಹಾಲು ಇಳಿಯಿತು. ನಾನು ಅಳುತ್ತಿದ್ದೆ ಅಂತ ಚೊಂಬು ತುಂಬಿದ ಮೇಲೆ ಗೊತ್ತಾಯಿತು. ಕರುವಿಗೂ ಸ್ವಲ್ಪ ಬಿಟ್ಟೆ. ಅದು ಕುಡಿಯುವಷ್ಟು ಹೊತ್ತು ಸುಮ್ಮನೆ ನಿಂತು ನೋಡಿದೆ. ಚೆನ್ನಾಗಿಯೇ ಇತ್ತು.

ಅವ್ವ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಕರುವನ್ನು ಬಿಡಿಸಿ ಗೂಟದ ಹತ್ತಿರ ತಂದು ಬಗ್ಗಿದೆ.

"ಈ ಸಲನಾರ ಗಂಟು ಸರ್ಯಾಗಾಕು" ಅಂದಳು.

ನಾನು ತಿರುಗಿ ನೋಡಿದೆ. ಅವಳು ನನ್ನ ಮುಖ ನೋಡುತ್ತಿರಲಿಲ್ಲ, ನಾನು ಉಟ್ಟ ಸೀರೆಯನ್ನು ನೋಡುತ್ತಿದ್ದಳು.

"ಪರಿಷೇಲಿ ನೀ ಹೇಳುದ್ದು ನಿಜ ಅಂತ ನಂಗೆ ಅವತ್ತೇ ಗೊತ್ತಾಯ್ತು ಕಣೆ. ಇವತ್ತು ಹೇಳಾನ, ನಾಳೆ ಹೇಳಾನ ಅಂತಿದ್ದೆ. ಅವ್ಳಿಗೆ ಹೇಳ್ನೇ ಇಲ್ಲ."

ನಾನೂ ಹಾಗೆಯೇ ವರ್ಷಗಳನ್ನು ಕಳೆದವಳು. ಹಗ್ಗವನ್ನು ಎರಡು ಸುತ್ತು ಸುತ್ತಿ, ತುದಿಯನ್ನು ಒಳಗಿನಿಂದ ತೂರಿಸಿ ಎಳೆದೆ. ಕರು ಒಮ್ಮೆ ಜಗ್ಗಿ ನೋಡಿತು. ಗಂಟು ಬಿಗಿಯಾಯಿತು.